ಸ್ಟೀಲ್ ಪಾತ್ರಿಗೆ ಚುಕ್ಕಿ ಯಾಕ ಬೀಳ್ತಾವ?

ಸ್ಟೀಲ್ ಪಾತ್ರಿ ತಳದಾಗ ಸೂಜಿ ಚುಚ್ಚಿಧಂಗ ಕರೀ ಚುಕ್ಕಿ ಬಿದ್ರ ನಮ್ಮ ಕಡೆ ಬೈಸಿಗೊಳ್ಳಾಕಿ ಸೊಸಿ, ಇಲ್ಲಾ ಭಾಂಡೆ ತಿಕ್ಕಾಕಿ. ‘ಛಲೋತ್ನಾಗ ತಿಕ್ಕಂಗಿಲ್ಲ’ ಅಂತಾರ. ನಂಗಂತೂ ಈ ಮಾತು ಒಪ್ಪಿಗಿಲ್ಲ. ಯಾಕಂತ ತಿಳೀಬೇಕಂದ್ರ ಈ ಸ್ಟೀಲ್ ಹುಟ್ಟಿದ ಕಥಿ ಸ್ವಲ್ಪ ಕೇಳ್ರಿ.

ಇಂಗ್ಲೆಂಡಿನ ಶೆಫೀಲ್ಡ್ ಚಾಕು-ಛುರಿಗೆ ಹೆಸರಾದ ಊರು. ಅಲ್ಲೆ 1913ರಾಗ ಹ್ಯಾರಿ ಬ್ರಿಯರ್ಲಿ ಅನ್ನೋರು ಲಗೂ ಸವಿಯದಂಥಾ ಬಂದೂಕಿನ ನಳಿಗಿ ಮಾಡ್ಲಿಕ್ಕೆ ಹೊಸ ಉಕ್ಕು ಹುಡುಕ್ತಿದ್ರು. ನೂರಕ್ಕ 12.8ರಷ್ಟು ಕ್ರೋಮಿಯಂ ಇದ್ದ ಒಂದು ಉಕ್ಕು ಆಸಿಡ್ಡಿಗೂ ಜಗ್ಗಲಿಲ್ಲ, ನಿಂಬಿ ರಸಕ್ಕೂ ಕೆಡಲಿಲ್ಲ. ಅದಕ್ಕ ‘ಸ್ಟೇನ್‌ಲೆಸ್’, ಅಂದ್ರ ಕಲಿ ಆಗದ್ದು, ಅಂತ ಹೆಸರಿಟ್ಟಾವ ಚಾಕು ಮಾಡೋ ಅರ್ನೆಸ್ಟ್ ಸ್ಟುವರ್ಟ್. 1924ರಾಗ ಅದೇ ಊರಿನ ಹ್ಯಾಟ್‌ಫೀಲ್ಡ್ ಅನ್ನೋರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರೋ ಉಕ್ಕು ತಂದ್ರು. ಅಂಗಡಿಯವರು ಇವತ್ತಿಗೂ ಹೇಳೋ ‘18/8’ ಅದೇ.

ಕ್ರೋಮಿಯಂ ಗಾಳಿಯೊಳಗಿನ ಆಮ್ಲಜನಕ ಹಿಡದು ಪಾತ್ರಿ ಮ್ಯಾಲೆ ಕಣ್ಣಿಗೆ ಕಾಣದಷ್ಟು ತೆಳು ಪೊರಿ ಕಟ್ಟತದ. ಗೀರು ಬಿದ್ರೂ ಮತ್ತ ತಾನ ಕಟ್ಟಿಗೋತದ. ಇದಕ್ಕ ವೈರಿ ಅಂದ್ರ ಉಪ್ಪಿನೊಳಗಿನ ಕ್ಲೋರೈಡ್. ಅದು ಎಲ್ಲಾ ಕಡೆ ತಿನ್ನಂಗಿಲ್ಲ. ಪೊರಿ ಎಲ್ಲೆ ಸೊರಗೇದ ಅಲ್ಲೆ ಹೊಕ್ಕು ಸಣ್ಣ ತಗ್ಗು ಮಾಡ್ತದ. ತಗ್ಗಿನೊಳಗ ಆಮ್ಲಜನಕ ಸಾಲಂಗಿಲ್ಲ, ಪೊರಿ ಮತ್ತ ಕೂಡಂಗಿಲ್ಲ. ಒಳಗಿನ ನೀರು ಹುಳಿ ಆಗ್ತದ, ಕ್ಲೋರೈಡ್ ಇನ್ನಷ್ಟು ಸೇರ್ತದ. ಹಿಂಗಾಗಿ ಸುತ್ತಲೂ ಲಕಲಕ, ಒಂದು ಜಾಗಾದಾಗ ಮಾತ್ರ ತೂತು.

1950ರ ದಶಕದಾಗ ಅಮೇರಿಕಾದಾಗ ನಿಕ್ಕಲ್ ಅಭಾವ ಆದಾಗ ಅದರ ಬದಲಿ ಮ್ಯಾಂಗನೀಸ್ ಹೆಚ್ಚು ಹಾಕಿದ 200 ನಂಬರಿನ ಸ್ಟೀಲ್ ಬಳಕಿಗೆ ಬಂತು. ಇವತ್ತು ನಮ್ಮ ಪ್ಯಾಟ್ಯಾಗಿನ ಸ್ವಸ್ತ ಪಾತ್ರಿ ಭಾಳಷ್ಟು ಇದೇ ಜಾತಿವು. ಹೊಳಪಿಗೇನು ಕಡಿಮಿ ಇಲ್ಲ, ಆದ್ರ ಕ್ರೋಮಿಯಂ ಕಡಿಮಿ ಇದ್ದದ್ದಕ್ಕ ಚುಕ್ಕಿ ಲಗೂ ಬೀಳ್ತಾವ.

ನಾ ಮಾಡೋದು ಇಷ್ಟು: ನೀರು ಕುದ್ದ ಮ್ಯಾಲೇ ಉಪ್ಪು ಹಾಕಿ ಕೈಯಾಡಸ್ತೀನಿ. ತಣ್ಣೀರಿಗೆ ಹಾಕಿ ಬಿಟ್ರ ಹರಳು ತಳಕ್ಕ ಕೂತು ಅಲ್ಲೇ ಕಡಿತದ. ಉಪ್ಪಿನಕಾಯಿ, ಹುಣಸಿ ಗೊಜ್ಜು ಭರಣ್ಯಾಗ ಇಡ್ತೀನಿ. ಬ್ಲೀಚಿಂಗ್ ನೀರಿನ್ಯಾಗ ಪಾತ್ರಿ ನೆನಿ ಹಾಕಂಗಿಲ್ಲ. ಅದ್ರಾಗೂ ಕ್ಲೋರೀನ್ ಇರ್ತದ. ತೊಳದ ಮ್ಯಾಲೆ ಒರಸಿಡ್ತೀನಿ.

ಒಮ್ಮೆ ಬಿದ್ದ ತಗ್ಗು ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ಸುಮ್ಮನ ತಿಕ್ಕಾಕಿ ಕೈ ಸವಸಬ್ಯಾಡ್ರಿ.