ಬಚ್ಚಲ ನೀರಿಗೆ ಅರಳಿದ ಹೂಮಡಿ

ವೈಶಾಖದ ಸಂಜೆ. ಮಧ್ಯಾಹ್ನದವರೆಗೆ 42 ಡಿಗ್ರಿ ಬಿಸಿಲಿಗೆ ಕಾದು ಬಿರುಕುಬಿಟ್ಟ ನೆಲ. ನಾಲ್ಕು ಗಂಟೆಯ ಹೊತ್ತಿಗೆ ಪಡುವಣದಲ್ಲಿ ಕೆಂಧೂಳು ಏಳುತ್ತದೆ, ತಗಡುಗಳು ಸದ್ದು ಮಾಡುತ್ತವೆ, ಹಿಂದೆಯೇ ಗುಡುಗು. ಅರ್ಧ ತಾಸು ಸುರಿದು ಮಳೆ ನಿಲ್ಲುತ್ತದೆ. ಕಲಬುರಗಿಯಿಂದ ದಕ್ಷಿಣಕ್ಕೆ ಭೀಮಾ ನದಿ ದಾಟಿದರೆ ಸಿಗುವ ಜೇವರ್ಗಿ ಸೀಮೆಯಲ್ಲಿ ಇದಕ್ಕೆ ಅಡ್ಡಮಳೆ ಎಂದು ಹೆಸರು. ಮುಂಗಾರು ಇನ್ನೂ ಬಂದಿಲ್ಲ. ಇದು ವಸಂತದ ಕೊನೆಯಲ್ಲಿ ಹೇಳದೇ ಕೇಳದೇ ಬಂದು ಹೋಗುವ ನೆಂಟ.

ಮಾರನೆಯ ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡಿದರೆ ಮಲ್ಲಿಗೆಯ ಬಳ್ಳಿ ನೆಲಕ್ಕೆ ಬಿದ್ದಿರುತ್ತದೆ. ಮಡಿಯ ಬದು ಕರಗಿರುತ್ತದೆ. ಗಿಡದ ಬುಡದಲ್ಲಿ ಕಪ್ಪು ಕೆಸರು ನೀರು ನಿಂತಿರುತ್ತದೆ. ಮನೆಯ ಹೆಂಗಸರು ಸೀರೆಯ ಸೆರಗು ಸಿಕ್ಕಿಸಿಕೊಂಡು ಕುರ್ಚಿಗೆ ಹಿಡಿದು ಕೂಡುತ್ತಾರೆ. ಹೂಮಡಿ ಸರಿಮಾಡುವ ಈ ಕೆಲಸ ನೋಡಲು ಚಿಕ್ಕದು. ಆದರೆ ಈ ನೆಲದಲ್ಲಿ ಹೂ ಅರಳಿಸಿದ ಕಥೆಗೆ ಸಾವಿರ ವರ್ಷಗಳ ವಯಸ್ಸಿದೆ. ಅದು ಹೂವಿನ ಕಥೆ ಎನ್ನುವುದಕ್ಕಿಂತ ನೀರಿನ ಕಥೆ ಎನ್ನುವುದೇ ಸರಿ.

ಜಿಲ್ಲೆಯ ಹೆಸರಿನಲ್ಲೇ ಈ ಕಥೆಯ ಸುಳಿವಿದೆ. 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಎಂದಾದ ಊರು ಅದಕ್ಕೆ ಮೊದಲು ಗುಲ್ಬರ್ಗ. ಪಾರಸಿಯಲ್ಲಿ ‘ಗುಲ್’ ಎಂದರೆ ಹೂ, ‘ಬರ್ಗ್’ ಎಂದರೆ ಎಲೆ ಎಂದು ಆ ಹೆಸರನ್ನು ಬಿಡಿಸುವವರಿದ್ದಾರೆ. ಕಲಬುರಗಿ ಎಂದರೆ ಕಲ್ಲುಗಳ ನೆಲ ಎಂದು ಹೇಳುವವರೂ ಇದ್ದಾರೆ. ಒಂದೇ ಊರಿಗೆ ಒಂದು ಬಾಯಲ್ಲಿ ಕಲ್ಲು, ಇನ್ನೊಂದು ಬಾಯಲ್ಲಿ ಹೂ!

ಲೋಕೋಪಕಾರದ ಕಾಲ

ವರ್ಷಕ್ಕೆ ಸುಮಾರು 750 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಅದರಲ್ಲಿ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೇ ಬಿದ್ದುಹೋಗುತ್ತದೆ. ಉಳಿದ ತಿಂಗಳುಗಳಲ್ಲಿ ಹೂಗಿಡಕ್ಕೆ ನೀರು ಎಲ್ಲಿಂದ? ಈ ಪ್ರಶ್ನೆ ಹೊಸದಲ್ಲ.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯ ಕನ್ನಡದಲ್ಲಿ ‘ಲೋಕೋಪಕಾರ’ ಎಂಬ ಗ್ರಂಥ ರಚಿಸಿದ. ಹೆಸರೇ ಹೇಳುವಂತೆ ಅದು ಜನರ ದಿನಬಳಕೆಗೆಂದು ಬರೆದ ಪುಸ್ತಕ. ಮನೆ ಕಟ್ಟುವುದು, ಅಡುಗೆ, ಸುಗಂಧ ದ್ರವ್ಯ, ಮದ್ದು ಎಲ್ಲವೂ ಅದರಲ್ಲಿವೆ. ನೆಲದಡಿಯ ನೀರನ್ನು ಗುರುತಿಸುವ ಬಗೆಗೆ ಒಂದು ಅಧ್ಯಾಯವಿದ್ದರೆ, ಮರಗಿಡಗಳ ಆರೈಕೆಯ ವೃಕ್ಷಾಯುರ್ವೇದಕ್ಕೆ ಇನ್ನೊಂದು. ಗಿಡ ನೆಡುವವನು ನೀರಿನ ಜಾಡನ್ನೂ ತಿಳಿದಿರಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು. ಸುಮಾರು ಒಂದು ಶತಮಾನದ ನಂತರ, 1129ರ ಹೊತ್ತಿಗೆ, ಕಲ್ಯಾಣದ ಅರಸು ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಹೂ ಮುಡಿಯುವುದೂ ಉದ್ಯಾನದಲ್ಲಿ ವಿಹರಿಸುವುದೂ ಅರಸನ ಭೋಗಗಳ ಸಾಲಿಗೆ ಸೇರಿದವು.

ಅದೇ ಶತಮಾನದಲ್ಲಿ ಹೂವು ಅರಮನೆಯಿಂದ ಬೀದಿಗೆ ಇಳಿಯಿತು. ಇಷ್ಟಲಿಂಗ ಅಂಗೈಗೆ ಬಂದ ಮೇಲೆ ಪೂಜೆ ಮನೆಮನೆಯ ಕಾಯಕವಾಯಿತು. ನಾಲ್ಕು ಹೂ, ಒಂದು ಪತ್ರೆ ನಿತ್ಯದ ಅಗತ್ಯವಾದವು. ಶರಣರಿಗೆ ಹೂ ಒದಗಿಸುವುದನ್ನೇ ಕಾಯಕ ಮಾಡಿಕೊಂಡ ಹೂಗಾರ ಮಾದಯ್ಯನ ಹೆಸರು ಇಂದಿಗೂ ಹೂಗಾರ ಸಮುದಾಯದವರ ನಾಲಿಗೆಯ ಮೇಲಿದೆ. ಜೇವರ್ಗಿಯಂತೂ ‘ಅಖಂಡೇಶ್ವರ’ ಅಂಕಿತದ ವಚನಕಾರ ಷಣ್ಮುಖಸ್ವಾಮಿಗಳ (1639–1711) ಊರು. ಹಳ್ಳಿಗಳಲ್ಲಿ ಹೂಗಾರರು ಬೆಳಗಿನ ಜಾವ ಗುಡಿಗೂ ಮನೆಗಳಿಗೂ ಹೂಪತ್ರೆ ಮುಟ್ಟಿಸುತ್ತಿದ್ದರು. ಅದರ ಕೂಲಿ ಹಣವಲ್ಲ. ಸುಗ್ಗಿಯಲ್ಲಿ ಕಣದಿಂದ ಸಿಗುವ ಜೋಳದ ಆಯ.

ಹೂವಿನ ಹೆಸರಿನಲ್ಲೇ ನೀರು

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾಯಿತು. 1420ರ ದಶಕದಲ್ಲಿ ಅಹ್ಮದ್ ಷಾ ವಲಿ ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಪಾರಸಿ ದೇಶದ ವಿದ್ವಾಂಸರು, ಕುಶಲಕರ್ಮಿಗಳು ಇಲ್ಲಿಗೆ ಬಂದರು. ಅವರೊಂದಿಗೆ ತೋಟದ ಹೊಸ ಕಲ್ಪನೆಯೂ ಬಂತು. ನಡುವೆ ಕೊಳ, ಕೊಳದಿಂದ ಹರಿಯುವ ಕಾಲುವೆ, ಕಾಲುವೆಯ ಅಂಚಿಗೆ ಹೂಮಡಿ. ಬೀದರ್ ಕೋಟೆಯೊಳಗೆ ಸೋಲಾ ಖಂಬ ಮಸೀದಿಯ ಮುಂದಿರುವ ಲಾಲ್‌ಬಾಗ್‌ನಲ್ಲಿ ಈ ಕಲ್ಪನೆಯ ಗುರುತನ್ನು ಕಾಣಬಹುದು.

ಒಣನಾಡಿನಲ್ಲಿ ಇಂಥ ವೈಭವಕ್ಕೆ ನೀರು ತರಲು ಅವರು ಹೂಡಿದ ಉಪಾಯ ಇನ್ನೂ ದೊಡ್ಡದು. ಬೀದರಿನ ನೌಬಾದ್ ಬಳಿ ನೆಲದಡಿಯಲ್ಲಿ ಸುರಂಗ ಕೊರೆದು, ಅಲ್ಲಲ್ಲಿ ಬಾವಿಯಂಥ ಗಾಳಿಕಿಂಡಿ ಬಿಟ್ಟು, ಅಂತರ್ಜಲವನ್ನು ಇಳಿಜಾರಿನಲ್ಲಿ ತಾನಾಗಿ ಹರಿಯುವಂತೆ ಮಾಡಿದರು. ಇದೇ ಕರೇಜ್. 15ನೇ ಶತಮಾನದ್ದೆನ್ನಲಾಗುವ ಈ ಸುರಂಗದ ಹೂಳನ್ನು 2010ರ ದಶಕದಲ್ಲಿ ತೆಗೆದಾಗ ಅದು ಮತ್ತೆ ಸುದ್ದಿಯಾಯಿತು.

ಗುಲಾಬಿಯ ಮಾತೂ ಇಲ್ಲೇ ಬರುತ್ತದೆ. ಪಾರಸಿಯಲ್ಲಿ ‘ಗುಲಾಬ್’ ಎಂದರೆ ಹೂನೀರು. ‘ಗುಲ್’ ಹೂ, ‘ಆಬ್’ ನೀರು. ಪನ್ನೀರಿನ ಹೆಸರು ಕೊನೆಗೆ ಹೂವಿಗೇ ಅಂಟಿಕೊಂಡಿತು. 1422ರಲ್ಲಿ ಕಾಲವಾದ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಗುಲಾಬಿಯ ಚಾದರ, 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಗದ್ದುಗೆಗೆ ಹೂಮಾಲೆ. ಹೀಗೆ ಎರಡೂ ಕಡೆಯ ಭಕ್ತಿ ಈ ಸೀಮೆಯಲ್ಲಿ ಹೂವಿಗೆ ಬೇಡಿಕೆಯನ್ನು ಉಳಿಸಿತು.

ಹಿತ್ತಲಿನ ಲೆಕ್ಕಾಚಾರ

ಸುಲ್ತಾನರ ಬಳಿ ಸುರಂಗ ಕೊರೆಯುವ ಆಳುಗಳಿದ್ದರು. ಹೊಳೆಯಿಂದಲೋ ಸೇದುಬಾವಿಯಿಂದಲೋ ತಲೆಯ ಮೇಲೆ ಕೊಡ ಹೊತ್ತು ತರುವ ಮನೆಯಾಕೆಗೆ ಏನಿತ್ತು? ಆಕೆಗೆ ಬಚ್ಚಲಿತ್ತು.

ಈ ಭಾಗದ ಹಳೆಯ ಮನೆಗಳಲ್ಲಿ ಬಚ್ಚಲ ಮೋರಿ ಹಿತ್ತಲಿಗೆ ತೆರೆದುಕೊಳ್ಳುತ್ತಿತ್ತು. ಮೋರಿಯ ಬಾಯಿಗೆ ಒಂದು ಕುಣಿ, ಕುಣಿಯ ಪಕ್ಕಕ್ಕೆ ಬಾಳೆಯೋ ಕೆಸುವೋ, ಅದರಾಚೆಗೆ ಮಲ್ಲಿಗೆ, ಕಣಗಲೆ, ದಾಸವಾಳ, ತುಸು ಎತ್ತರದ ಒಣಜಾಗದಲ್ಲಿ ತುಳಸಿ. ಈ ಸಾಲು ಸುಮ್ಮನೆ ಆದದ್ದಲ್ಲ. ಕೆಸರನ್ನು ತಾಳುವ ಗಿಡ ಮೊದಲು ನೀರು ಕುಡಿದು, ತಿಳಿಯಾದದ್ದು ಮುಂದಿನ ಮಡಿಗೆ ಹೋಗುತ್ತಿತ್ತು. ಪಾತ್ರೆಯನ್ನು ಬೂದಿಯಿಂದ ತಿಕ್ಕಿ, ತಲೆಗೆ ಸೀಗೆಕಾಯಿ ಹಚ್ಚಿ, ಮೈಗೆ ಕಡಲೆಹಿಟ್ಟು ಬಳಸುತ್ತಿದ್ದ ಕಾಲದಲ್ಲಿ ಆ ನೀರು ಗಿಡಕ್ಕೆ ವಿಷವೂ ಆಗಿರಲಿಲ್ಲ. ಹೊತ್ತು ತಂದ ಒಂದು ಕೊಡ ನೀರು ಮೊದಲು ಮನುಷ್ಯರಿಗೆ, ಆಮೇಲೆ ಹೂವಿಗೆ. ಎರಡು ಸಲ ದುಡಿಯದ ನೀರು ಮನೆ ದಾಟಿ ಹೋಗುತ್ತಿರಲಿಲ್ಲ.

1972ರ ಬರಗಾಲದ ನೆನಪು ಈ ಸೀಮೆಯ ಹಿರಿಯರಲ್ಲಿ ಇನ್ನೂ ಮಾಸಿಲ್ಲ. ಕುಡಿಯುವುದಕ್ಕೇ ನೀರು ಸಾಲದ ಅಂಥ ಕಾಲದಲ್ಲಿ ಗಿಡಕ್ಕೆಂದು ಬೇರೆ ನೀರು ಎತ್ತಿಡುವ ಮಾತೇ ಇಲ್ಲ. ಬಚ್ಚಲ ನೀರಿನ ಲೆಕ್ಕಾಚಾರದ ಬೆಲೆ ತಿಳಿಯುವುದು ಆಗಲೇ. ಅರಸರ ಉದ್ಯಾನಗಳ ಹೆಸರು ಇತಿಹಾಸದಲ್ಲಿ ಉಳಿದಿದೆ. ಈ ಹಿತ್ತಲ ಮಡಿ ಕಟ್ಟಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರಲ್ಲಿ ಬಹುತೇಕರು ಹೆಂಗಸರು.

ಹಡಗು ಹತ್ತಿ ಬಂದವು

ಆ ಮಡಿಯಲ್ಲಿ ಬೆಳೆದದ್ದೆಲ್ಲ ಇಲ್ಲಿಯದೇ ಎಂದು ತಿಳಿದರೆ ತಪ್ಪು. ದಸರೆಯ ದಿನ ಬಾಗಿಲಿಗೂ ಬಂಡಿಗೂ ಬೇಕೇಬೇಕಾದ ಚೆಂಡುಹೂವಿನ ತವರು ಮೆಕ್ಸಿಕೊ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದ ನಂತರ ಅಮೆರಿಕ ಖಂಡದ ಮೆಣಸಿನಕಾಯಿಯಂತೆ ಅಲ್ಲಿನ ಹೂಗಳೂ ಸಮುದ್ರ ದಾಟಿದವು. ರಾತ್ರಿ ಘಮಘಮಿಸುವ ಸುಗಂಧರಾಜ ಮೆಕ್ಸಿಕೊದ್ದು, ಸಂಜೆಮಲ್ಲಿಗೆ ದಕ್ಷಿಣ ಅಮೆರಿಕದ್ದು. ಗುಡಿಯ ಅಂಗಳದ ದೇವಕಣಗಲೆಯೂ ಆ ಕಡೆಯದೇ. ಸೇವಂತಿಗೆಯ ಮೂಲ ಚೀನಾ. ನಿತ್ಯಪುಷ್ಪ ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದಿಂದ ಬಂದದ್ದು. ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಔಷಧಿ ಸಿಕ್ಕಿದ್ದು ಈ ಗಿಡದಿಂದಲೇ. ಹಾಗೆ ನೋಡಿದರೆ ಅಪ್ಪಟ ನಮ್ಮ ನೆಲದವೆಂದು ಹೇಳಬಹುದಾದವು ಅಬ್ಬಲಿಗೆ, ಕರ್ಣಕುಂಡಲದಂಥ ಕೆಲವೇ ಕೆಲವು.

1871ರಲ್ಲಿ ಮುಂಬೈ ಕಡೆಯ ರೈಲುಮಾರ್ಗ ಕಲಬುರಗಿ ದಾಟಿ ರಾಯಚೂರಿನಲ್ಲಿ ಮದರಾಸಿನ ಮಾರ್ಗವನ್ನು ಕೂಡಿತು. ದೂರದ ಸಸಿ, ಬೀಜ ಬರಲು ದಾರಿ ಸುಲಭವಾಯಿತು. ಬೆಂಗಳೂರಿನಲ್ಲಿ 1908ರಿಂದ ಜರ್ಮನಿಯ ಕ್ರುಂಬಿಗಲ್ ಲಾಲ್‌ಬಾಗ್ ಬೆಳೆಸುತ್ತಿದ್ದಾಗ ಜೇವರ್ಗಿ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ಏಕೀಕರಣದ ನಂತರವೇ ಇದು ಮೈಸೂರು ರಾಜ್ಯಕ್ಕೆ ಸೇರಿದ್ದು. 1960ರ ದಶಕದಲ್ಲಿ ಡಾ. ಎಂ.ಎಚ್. ಮರಿಗೌಡರು ತೋಟಗಾರಿಕೆ ಇಲಾಖೆಯನ್ನು ಮುನ್ನಡೆಸಿ ರಾಜ್ಯದುದ್ದಕ್ಕೂ ಸಸ್ಯಕ್ಷೇತ್ರಗಳನ್ನು ತೆರೆದ ಮೇಲೆ ಕಸಿ ಗುಲಾಬಿ ಸಣ್ಣ ಊರುಗಳಿಗೂ ಬಂತು.

ಎರೆಮಣ್ಣಿನ ಗುಣ

ಹೂ ಎಲ್ಲಿಂದ ಬಂದರೂ ಕೊನೆಗೆ ಬೇರೂರಬೇಕಾದದ್ದು ಇಲ್ಲಿನ ಎರೆಮಣ್ಣಿನಲ್ಲಿ. ತೊಗರಿ, ಜೋಳಕ್ಕೆ ತಾಯಿಯಂಥ ಈ ಕಪ್ಪುಮಣ್ಣು ಹೂಗಿಡಕ್ಕೆ ಮಲತಾಯಿ. ಇದರಲ್ಲಿ ಜೇಡಿಯ ಅಂಶ ಬಹಳ. ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ನೆನೆದಾಗ ಉಬ್ಬಿ ಬಿರುಕೆಲ್ಲ ಮುಚ್ಚಿಕೊಂಡು ನೀರನ್ನು ಕೆಳಕ್ಕೆ ಬಿಡುವುದಿಲ್ಲ. ಬೇರಿಗೂ ಉಸಿರಾಡಲು ಗಾಳಿ ಬೇಕು. ಎರಡು ಮೂರು ದಿನ ನೀರು ನಿಂತರೆ ಬಿಸಿಲನ್ನು ಗೆದ್ದ ನಿತ್ಯಪುಷ್ಪವೂ ಬೇರು ಕೊಳೆತು ಸಾಯುತ್ತದೆ. ವರ್ಷವಿಡೀ ನೀರಿಗಾಗಿ ಹಾತೊರೆದ ಹೂಮಡಿ ವಸಂತದ ಮಳೆಗೆ ಹಾಳಾಗುವ ವಿಚಿತ್ರ ಇದು.

2014ರ ಫೆಬ್ರುವರಿ ಕೊನೆ ಹಾಗೂ ಮಾರ್ಚ್ ತಿಂಗಳಲ್ಲಿ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಸುರಿದ ಆಲಿಕಲ್ಲು ಮಳೆ ಹೊಲಗಳ ಜೊತೆಗೆ ಹಿತ್ತಲುಗಳನ್ನೂ ಬಿಡಲಿಲ್ಲ. ಅಂಥ ಮಳೆಯ ನಂತರ ಏನು ಮಾಡಬೇಕೆಂಬುದು ಹಳಬರಿಗೆ ಗೊತ್ತು. ಮೊದಲ ಪಾಠ, ಕೈಕಟ್ಟಿ ಕೂಡುವುದು. ಒದ್ದೆ ಎರೆಯನ್ನು ಕೆದಕಿದರೆ ಅದು ಒಣಗಿ ಇಟ್ಟಿಗೆಯಾಗುತ್ತದೆ. ಹೆಂಟೆಯನ್ನು ಕೈಯಲ್ಲಿ ಹಿಚುಕಿದಾಗ ಪುಡಿಯಾಗುವಷ್ಟು ಆರಿದ ಮೇಲೆಯೇ ಕುರ್ಚಿಗೆ ಹಾಕಬೇಕು. ಅಲ್ಲಿಯವರೆಗೆ ಬದುವಿಗೆ ಒಂದು ಬಾಯಿ ತೆಗೆದು ನಿಂತ ನೀರನ್ನು ಹೊರಗೆ ಬಿಟ್ಟರೆ ಸಾಕು.

ಆಮೇಲೆ ಮಡಿಯನ್ನು ಸುತ್ತಲಿನ ನೆಲಕ್ಕಿಂತ ಒಂದು ಗೇಣು ಎತ್ತರಿಸಿ, ಮರಳು ಮತ್ತು ಕಳಿತ ಸಗಣಿಗೊಬ್ಬರ ಬೆರೆಸುವುದು. ಆಲಿಕಲ್ಲಿಗೆ ಮುರಿದ ಟೊಂಗೆಯನ್ನು ಮುರಿದ ಜಾಗದ ಕೆಳಗೆ ಓರೆಯಾಗಿ ಕತ್ತರಿಸುವುದು. ಬುಡಕ್ಕೆ ಒಣ ಕಣಕಿಯ ಚೂರು ಹಾಸುವುದು. ರೋಹಿಣಿ, ಮೃಗಶಿರಾ ಮಳೆಯ ಹೊತ್ತಿಗೆ ಕರ್ಣಕುಂಡಲದ ಬೀಜ ಊರುವುದು. ಹೋದ ದಸರೆಯ ಒಣಮಾಲೆಯನ್ನು ಅಟ್ಟದಿಂದ ಇಳಿಸಿ, ಆಷಾಢದ ಸುಮಾರಿಗೆ ಅಂಗೈಯಲ್ಲಿ ತಿಕ್ಕಿ ಉದುರಿಸಿದರೆ ಈ ದಸರೆಗೆ ಚೆಂಡುಹೂ ಸಿದ್ಧ. ಅಂಗಡಿಯ ಹೈಬ್ರಿಡ್ ತಳಿಯಾದರೆ ಮಾತ್ರ ಮರುವರ್ಷ ಅದೇ ಗುಣ ಬರುವ ಭರವಸೆಯಿಲ್ಲ. ಕುಂಡದ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಬೇಕೆಂಬುದು ಈ ಕಾಲದ ಹೊಸ ಪಾಠ. ಡೆಂಗೆ ಹರಡುವ ಸೊಳ್ಳೆ ಅಲ್ಲೇ ಮೊಟ್ಟೆಯಿಟ್ಟು ಸುಮಾರು ಹತ್ತು ದಿನಗಳೊಳಗೆ ಹಾರಿಹೋಗುತ್ತದೆ.

ಫರ್ಸಿ ಹಾಸಿದ ಅಂಗಳ

ಇಷ್ಟೆಲ್ಲ ತಿಳಿವಳಿಕೆ ಇದ್ದರೂ ಹೂಮಡಿಗೆ ಈಗ ಜಾಗವೆಲ್ಲಿ? ಜಿಲ್ಲೆಯಲ್ಲೇ ಸಿಗುವ ಶಹಾಬಾದ್ ಕಲ್ಲು ಅಗ್ಗ, ಅಚ್ಚುಕಟ್ಟು. ಅಂಗಳಕ್ಕೂ ಹಿತ್ತಲಿಗೂ ಫರ್ಸಿ ಹಾಸಿದರೆ ಧೂಳಿಲ್ಲ, ಕೆಸರಿಲ್ಲ. ಬಚ್ಚಲ ನೀರು ಕೊಳವೆಯಲ್ಲಿ ಹೊರಟು ಊರ ಚರಂಡಿ ಸೇರುತ್ತದೆ. ಅದನ್ನು ಮಡಿಗೆ ತಿರುಗಿಸೋಣವೆಂದರೂ ಬಟ್ಟೆ ಒಗೆಯುವ ಪುಡಿಯಲ್ಲಿರುವ ಸೋಡಿಯಂ ಎರೆಮಣ್ಣನ್ನು ಇನ್ನಷ್ಟು ಬಿಗಿಮಾಡುತ್ತದೆ. ಪೂಜೆಗೆ ಹೂ ಬೇಕೆಂದರೆ ಮಾರುಕಟ್ಟೆಯಲ್ಲಿ ಮೊಳದ ಲೆಕ್ಕದಲ್ಲಿ ಕೊಳ್ಳಬೇಕು. ಹೂಗಾರರಿಗೆ ಜೋಳದ ಆಯವೂ ನಿಂತಿದೆ.

ಇದರಿಂದ ಹೋದದ್ದು ಹೂ ಮಾತ್ರವಲ್ಲ. ಮಳೆಗೆ ಮನೆಯೊಳಗಿದ್ದ ಜಾಗವೂ ಹೋಯಿತು. ಹಿತ್ತಲಿನ ಮಣ್ಣು ಕುಡಿಯುತ್ತಿದ್ದ ಅಡ್ಡಮಳೆಯ ನೀರು ಈಗ ಫರ್ಸಿಯ ಮೇಲಿಂದ ಜಾರಿ ಓಣಿಗೆ ಬರುತ್ತದೆ. ಓಣಿ ತುಂಬಿದಾಗ ಜನ ಚರಂಡಿಯನ್ನು ಬೈಯುತ್ತಾರೆ. ತಿಂಗಳ ನಂತರ ಅದೇ ಓಣಿಯಲ್ಲಿ ನೀರಿನ ಟ್ಯಾಂಕರಿಗೆ ಸಾಲು ನಿಲ್ಲುವುದೂ ಉಂಟು.

ಹಾಗೆಂದು ಹಳೆಯ ಮನೆ ಕಟ್ಟಬೇಕಾಗಿಲ್ಲ. ನಾಲ್ಕು ಫರ್ಸಿ ಎಬ್ಬಿಸಿದರೆ ಒಂದು ಹೂಮಡಿಯಾಗುತ್ತದೆ. ಎಬ್ಬಿಸಿದ ಕಲ್ಲನ್ನೇ ಅಂಚಿಗೆ ನಿಲ್ಲಿಸಿದರೆ ಮಡಿಗೆ ಬದುವೂ ಆಯಿತು. ಒಗೆಯುವ ನೀರನ್ನು ಬಿಟ್ಟು, ಅಕ್ಕಿ ಬೇಳೆ ತೊಳೆದದ್ದು, ಕೈಕಾಲು ತೊಳೆದದ್ದು ಅದಕ್ಕೆ ಧಾರಾಳ. ಈ ವರ್ಷದ ಅಡ್ಡಮಳೆ ಬಂದಾಗ ಅದಕ್ಕೆ ಇಳಿಯಲು ಒಂದಿಷ್ಟು ಮಣ್ಣು ಸಿಕ್ಕೀತು, ದಸರೆಗೆ ಬಾಗಿಲ ತೋರಣ ಮನೆಯದೇ ಆದೀತು.