ಯಾರದೋ ಬಿಡುವಿನ ವೇಳೆ, ನಮ್ಮ ಸ್ಮಶಾನದ ಅರ್ಜಿ

ಉದ್ದದ ಬರಹ ಇದು. ಒಂದು ಕಪ್ ಚಹಾ ಇಟ್ಕೊಂಡು ಕುಂದರ್ರಿ.

ಹೋದ ತಿಂಗಳು ಯರಗೇರಾದ ಹಿರಿಯರೊಬ್ಬರು ಒಂದು ಸಿಡಿ ತಂದುಕೊಟ್ಟರು. ಟ್ರಂಕಿನಾಗ ಮಗಳ ಮಾರ್ಕ್ಸ್ ಕಾರ್ಡಿನ ಜೊತಿ ಇಪ್ಪತ್ತು ವರ್ಷ ಇಟ್ಟಿದ್ದರಂತೆ. ಮ್ಯಾಲೆ ಸ್ಕೆಚ್ ಪೆನ್ನಿನಿಂದ "ಸ್ಮಶಾನ 2004" ಅಂತ ಬರೆದಿತ್ತು. ನೋಡಿದರೆ ನನ್ನದೇ ಅಕ್ಷರ! ನಾನು ಬಿ.ಎ. ಮುಗಿಸಿ ಕೆಲಸ ಇಲ್ಲದೆ ಸಂಘಟನೆಯ ಕರಪತ್ರ ಟೈಪ್ ಮಾಡಿಸಲು ರಾಯಚೂರಿನ ಡಿಟಿಪಿ ಅಂಗಡಿಗೆ ಅಲೆಯುತ್ತಿದ್ದ ಕಾಲ ಅದು. ಆ ಸಿಡಿಯೊಳಗೆ ಒಂದು ಮನವಿ ಪತ್ರ ಇತ್ತು. ಹೋಬಳಿಯ ಒಂದು ಹಳ್ಳಿಯ ಮಾದಿಗರ, ಹೊಲೆಯರ ಹೆಣ ಹೂಳಲು ಜಾಗ ಕೊಡ್ರಿ ಅಂತ ಕೇಳಿದ ಅರ್ಜಿ. ಹಳ್ಳದ ದಂಡೆಗೆ ಹೂಳತಿದ್ರು, ಮಳೆಗಾಲದಾಗ ನೀರು ಬಂದು ಮಣ್ಣು ಕೊಚ್ಚಿಕೊಂಡು ಹೋಗತಿತ್ತು. ಮುಂದಿನದು ಹೇಳುವುದು ಬ್ಯಾಡ, ನಿಮಗೆ ಗೊತ್ತದ. ಊರಿನ ಹೆಸರು ಬರೆಯಲ್ಲ, ವಿಷಯ ಇನ್ನೂ ನಡದದ.

ಈಗ ಆ ಅರ್ಜಿ ಯಾಕೆ ಬೇಕಾಯಿತು ಅಂದ್ರ, ಸಂಬಂಧಪಟ್ಟ ಕಚೇರಿಯವರು "ನಿಮ್ಮ ಬೇಡಿಕೆ ಹಿಂದೆ ಬಂದೇ ಇಲ್ಲ, ಇದು ಹೊಸಾದು" ಅಂದರು. ನಾನೂ ಕ್ಲರ್ಕ್. ಫೈಲು ಎಲ್ಲಿ, ಹೆಂಗ ಮಾಯ ಆಗತದ ಅನ್ನೋದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸಿಡಿ ಹಾಕಿದೆ, ಪುಣ್ಯಕ್ಕೆ ಓದಿತು. ಫೈಲು ತೆರೆದರೆ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆಮೇಲೆ ಕೊಂಬು, ಕೆಳಗೆ ಬಾಲ, ನಡುನಡುವೆ ಪೌಂಡಿನ ಚಿಹ್ನೆ. ಆಫೀಸಿನಲ್ಲಿ ಕೆಲಸ ಮಾಡುವವರಿಗೆಲ್ಲ ಈ ಕಸ ಪರಿಚಿತ. ಹಳೇ ಫಾಂಟ್ ಹಾಕಿದರೆ ಆ ಕಂಪ್ಯೂಟರಿನಾಗ ಮಾತ್ರ ಕನ್ನಡ ಕಾಣತದ. ಅದನ್ನೇ ವಾಟ್ಸಾಪಿಗೆ ಹಾಕಿದರೆ ಮತ್ತೆ ಕಸ. ಒಂದು ಹೆಸರು ಹುಡುಕಿದರೆ ಸಿಗಲ್ಲ. ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಇಟ್ಟ ಜಾಗದಲ್ಲಿ ಕನ್ನಡದ ಚಿತ್ರ ಕೂಡಿಸಿ ಆಗಿನವರು ಕೆಲಸ ನಡೆಸಿದರು. ಬೇರೆ ದಾರಿ ಇರಲಿಲ್ಲ, ಅವರ ತಪ್ಪು ಅನ್ನಂಗಿಲ್ಲ.

ಆ ಕಸವನ್ನು ಕನ್ನಡ ಮಾಡಿದ್ದು ಯಾವ ಸರ್ಕಾರಿ ಇಲಾಖೆಯೂ ಅಲ್ಲ, ಯಾವ ಕಂಪನಿಯೂ ಅಲ್ಲ. ಒಬ್ಬ ವ್ಯಕ್ತಿ ತನ್ನ ಬಿಡುವಿನ ವೇಳೆಯಲ್ಲಿ ಬರೆದು, ಒಳಗಿನ ಲೆಕ್ಕವನ್ನೂ ಎಲ್ಲರ ಮುಂದೆ ತೆರೆದಿಟ್ಟ ಒಂದು ಪುಟ್ಟ ತಂತ್ರಾಂಶ. ಇಂಥವರ ಚರಿತ್ರೆ ನಮ್ಮ ವಲಯದಾಗ ಯಾರೂ ಬರೆದಿಲ್ಲ, ಅದಕ್ಕೇ ಇವತ್ತು ಕೂತೆ.

ಕತೆ ಶುರುವಾಗೋದು ಒಂದು ಪ್ರಿಂಟರಿನಿಂದ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬ ಪ್ರೋಗ್ರಾಮರ್ ಇದ್ದ. ಅವರ ಪ್ರಿಂಟರಿನಾಗ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. (ನಮ್ಮ ಸೆಕ್ಷನ್ನಿನ ಪ್ರಿಂಟರ್ ನೋಡಿದವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.) ಹಳೆಯ ಪ್ರಿಂಟರಿನ ಸೋರ್ಸ್ ಕೋಡ್ ಕೈಯಲ್ಲಿದ್ದಾಗ, ಕಾಗದ ಸಿಕ್ಕ ತಕ್ಷಣ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಅವನೇ ತಿದ್ದಿದ್ದ. ಹೊಸ ಪ್ರಿಂಟರಿನ ಕೋಡ್ ಕೇಳಿದರೆ, ಅದು ಇದ್ದ ಮನುಷ್ಯ "ಕೊಡುವುದಿಲ್ಲ ಅಂತ ಸಹಿ ಮಾಡಿದ್ದೀನಿ" ಅಂದ. ಸೋರ್ಸ್ ಕೋಡ್ ಅಂದ್ರ ತಂತ್ರಾಂಶದ ಮೂಲ ಬರಹ, ಮನುಷ್ಯರು ಓದಿ ತಿದ್ದುವಂಥದ್ದು. ಓದಬ್ಯಾಡ, ಕೇಳಬ್ಯಾಡ, ಇನ್ನೊಬ್ಬರಿಗೆ ಹೇಳಬ್ಯಾಡ ಅನ್ನುವ ಆ ಕರಾರು ಕೇಳಿದಾಗ ನಮಗೆ ಏನು ನೆನಪಾಗತದ ಅಂತ ನಾನು ಬರೆಯಬೇಕಾ? 1983ರ ಸೆಪ್ಟೆಂಬರಿನಲ್ಲಿ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದ. ಯಾರು ಬೇಕಾದರೂ ಬಳಸಬಹುದು, ಒಳಗೆ ನೋಡಬಹುದು, ತಿದ್ದಬಹುದು, ಹಂಚಬಹುದು ಎಂಬ ಷರತ್ತಿನ ತಂತ್ರಾಂಶ.

1991ರ ಆಗಸ್ಟ್ 25ರಂದು ಫಿನ್ಲೆಂಡಿನ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಒಂದು ಸಂದೇಶ ಬರೆದ. ನಾನೊಂದು ಆಪರೇಟಿಂಗ್ ಸಿಸ್ಟಮ್ ಮಾಡತಿದ್ದೀನಿ, ಬರೀ ಹವ್ಯಾಸಕ್ಕೆ, ಗ್ನೂ ಥರ ದೊಡ್ಡದೇನಲ್ಲ ಅನ್ನುವುದು ಅದರ ಸಾರ. ಆ ಹವ್ಯಾಸವೇ ಲಿನಕ್ಸ್. ಇವತ್ತು ನೀವು ಇದನ್ನು ಓದುತ್ತಿರುವ ಆಂಡ್ರಾಯ್ಡ್ ಫೋನಿನ ತಳದಾಗ ಅದೇ ಕುಂತದ.

ಇನ್ನು ನಮ್ಮ ಕನ್ನಡ. ಕೆ.ಪಿ. ರಾವ್ ಅವರ ಹೆಸರು ಮೊದಲು ಹೇಳಬೇಕು. ದಕ್ಷಿಣ ಕನ್ನಡದ ಕಿನ್ನಿಕಂಬಳದವರು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಣೆಗೆ ಹತ್ತಿರದ ಕೀಲಿ ಒತ್ತಿ ಕನ್ನಡ ಬರೆಯುವ ವಿನ್ಯಾಸ ಮಾಡಿದರು, ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ ಒತ್ತಬೇಕು. ನಮ್ಮ ಆಫೀಸುಗಳಲ್ಲಿ ನುಡಿ ಬಳಸುವವರ ಬೆರಳು ಓಡುವುದು ಇದೇ ದಾರಿಯಲ್ಲಿ. ನನ್ನ ಎಡಗೈ ತೋರುಬೆರಳು ದಿನಾ ಎಷ್ಟು ಸಲ ಆ ಎಫ್ ಮೇಲೆ ಬೀಳತದೋ ಲೆಕ್ಕ ಇಲ್ಲ. ಆಮೇಲೆ ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ನೌಕರಿ ಮುಗಿಸಿ ಉಳಿದ ಹೊತ್ತಿನಲ್ಲಿ 'ಬರಹ' ಬರೆದು 1998ರಲ್ಲಿ ಪುಕ್ಕಟೆ ಕೊಟ್ಟರು. ಹೊರದೇಶದ ಕನ್ನಡಿಗರು ಊರಿಗೆ ಕನ್ನಡದಲ್ಲಿ ಪತ್ರ ಬರೆದದ್ದು, ನಮ್ಮಂಥವರು ಕರಪತ್ರ ಮಾಡಿದ್ದು ಅದರಿಂದಲೇ.

ಇಲ್ಲಿ ಒಂದು ಮಾತು. ಪುಕ್ಕಟೆ ಬೇರೆ, ಮುಕ್ತ ಬೇರೆ. ಬರಹ ಪುಕ್ಕಟೆ ಇತ್ತು, ಆದರೆ ಅದರ ಒಳಗಿನ ಬರಹ ನಮಗೆ ಕಾಣುತ್ತಿರಲಿಲ್ಲ. ಮುಂದೆ ಹೊಸ ಆವೃತ್ತಿಗೆ ದುಡ್ಡು ಇಟ್ಟರು. ಅವರ ದುಡಿಮೆ, ಅವರ ಹಕ್ಕು, ತಕರಾರಿಲ್ಲ. ಊರ ಗೌಡ ತನ್ನ ಬಾವಿಯಿಂದ ಪುಕ್ಕಟೆ ನೀರು ಕೊಡುವುದಕ್ಕೂ ಬಾವಿಯೇ ಎಲ್ಲರದಾಗುವುದಕ್ಕೂ ಇರುವ ಫರಕು 1927ರ ಮಹಾಡ್ ಕೆರೆಯ ನಂತರ ನಮಗೆ ಯಾರೂ ಕಲಿಸಬೇಕಿಲ್ಲ, ಅಷ್ಟೇ. ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕಾಡು, ಹಕ್ಕಿ ಬಿಟ್ಟು ಕನ್ನಡ ತಂತ್ರಾಂಶದ ಬಗ್ಗೆ ಸರ್ಕಾರದ ಜೊತೆ ಜಗಳಕ್ಕೆ ನಿಂತಿದ್ದರು. ಆಗ ನಮಗೆ ಅದು ದೊಡ್ಡವರ ಜಗಳ ಅನಿಸಿತ್ತು. ಸಿಡಿ ಕೈಗೆ ಬಂದ ಮೇಲೆ ಅರ್ಥ ಆಯಿತು.

ಯೂನಿಕೋಡ್ ಬಂದದ್ದೂ ಅದೇ 1991ರಲ್ಲಿ. ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ಕೊಟ್ಟರು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಫಾಂಟ್ ಬಂತು, ಹೆಸರು ತುಂಗಾ. ಆದರೂ ಆಫೀಸು, ಡಿಟಿಪಿ ಅಂಗಡಿ ಹಳೇ ದಾರಿ ಬಿಡಲಿಲ್ಲ. ನಮ್ಮ 2004ರ ಅರ್ಜಿ ಹಂಗಾಗೇ ಕಸ ಆದದ್ದು.

ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಹರಿಪ್ರಸಾದ್ ನಾಡಿಗರಂಥ ಹುಡುಗರು ಕೂತು ಕಟ್ಟಿದರು, ಈಗ ಲೇಖನಗಳು 30 ಸಾವಿರ ದಾಟ್ಯಾವ. ಅರವಿಂದ ವಿ.ಕೆ. ಎನ್ನುವವರು ಗುಬ್ಬಿ, ನವಿಲು ಎಂಬ ಫಾಂಟ್ ಮಾಡಿ ಮುಕ್ತವಾಗಿ ಬಿಟ್ಟರು. ಓಂಶಿವಪ್ರಕಾಶ್ ಮತ್ತು ಗೆಳೆಯರ 'ಸಂಚಯ' ತಂಡ, ವಸುಧೇಂದ್ರ, ಓ.ಎಲ್. ನಾಗಭೂಷಣ ಸ್ವಾಮಿ ಅವರ ಜೊತೆ ಸೇರಿ ವಚನ ಸಂಚಯ ಕಟ್ಟಿದರು. ಸಾವಿರಾರು ವಚನ, ಯಾವ ಪದ ಯಾರ ವಚನದಾಗ ಎಷ್ಟು ಸಲ ಬಂದದ ಅಂತ ಕ್ಷಣದಲ್ಲಿ ಹುಡುಕಬಹುದು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ಇವರನ್ನೆಲ್ಲ ನಾನು ಸಾಲು ಸಾಲಾಗಿ ಓದಿದ್ದು ಅಲ್ಲೇ. ಲೈಬ್ರರಿಯಾಗ ಸಂಪುಟ ಕೇಳಿದರೆ ಬೀಗದ ಕೈ ಇರುವವರು ರಜೆ ಮ್ಯಾಲೆ ಇರತಿದ್ರು.

ಇಷ್ಟು ಹೊಗಳಿದ ಮೇಲೆ ಕೇಳಬೇಕಾದ್ದು ಕೇಳತೀನಿ. ಮ್ಯಾಲಿನ ಹೆಸರುಗಳ ಪಟ್ಟಿ ಇನ್ನೊಮ್ಮೆ ನೋಡ್ರಿ. ನಮ್ಮ ಕೇರಿಯಿಂದ ಯಾರು ಅದಾರ?

ಹವ್ಯಾಸ ಅನ್ನಬೇಕಾದರೆ ಬಿಡುವು ಬೇಕು. ಬಿಡುವು ಯಾರಿಗಿತ್ತು? ನಮ್ಮಪ್ಪನಿಗೆ ಬಿಡುವು ಅಂದ್ರ ಕೂಲಿ ಸಿಗದ ದಿನ. ಬಾಬಾಸಾಹೇಬರು 1936ರಲ್ಲೇ ಬರೆದರು, ಜಾತಿ ಹಂಚುವುದು ಕೆಲಸವನ್ನಷ್ಟೇ ಅಲ್ಲ, ಕೆಲಸ ಮಾಡುವವರನ್ನೇ ಅಂತ. ನಾನು ಸೇರಿಸೋದು ಇಷ್ಟು, ಅದು ಬಿಡುವನ್ನೂ ಹಂಚಿತು. ಸೋರ್ಸ್ ಕೋಡ್ ತೆರೆದಿಟ್ಟವರು ಯಾರ ಜಾತಿಯನ್ನೂ ಕೇಳಿಲ್ಲ, ನಿಜ. ಬಾಗಿಲು ತೆರೆದದ. ಆದರೆ ಆ ಬಾಗಿಲ ತನಕ ಬರಲು ಇಂಗ್ಲಿಷ್ ಬೇಕು, ಮನೆಯಲ್ಲೊಂದು ಕಂಪ್ಯೂಟರ್ ಬೇಕು, ಕರೆಂಟು ಬೇಕು. ಶಕ್ತಿನಗರದಾಗ ರಾಜ್ಯಕ್ಕೆಲ್ಲ ಕರೆಂಟು ಮಾಡುವ ನಮ್ಮ ಜಿಲ್ಲೆಯ ಹಳ್ಳಿಗಳ ಕರೆಂಟಿನ ಕತೆ ಇಲ್ಲಿ ಬ್ಯಾಡ.

ಹಂಗಂತ ಹವ್ಯಾಸಿಗಳನ್ನು ಹಗುರಾಗಿ ನೋಡೋ ಹಂಗೂ ಇಲ್ಲ, ಅದರಲ್ಲೂ ರಾಯಚೂರಿನವರು. ನಮ್ಮ ಮಸ್ಕಿಯ ಬಂಡೆ ಶಾಸನ 1915ರಲ್ಲಿ ಸಿಕ್ಕಿದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ. ಇತಿಹಾಸ ಅವನ ನೌಕರಿ ಆಗಿರಲಿಲ್ಲ. ಅಲ್ಲಿಯ ತನಕ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಮಾತ್ರ ಇತ್ತು, ಅಶೋಕ ಎಂಬ ಹೆಸರು ಇದ್ದದ್ದು ಮೊದಲು ಕಂಡದ್ದು ನಮ್ಮ ಮಸ್ಕಿಯಾಗ. ಆ ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಓದಿದ ಜೇಮ್ಸ್ ಪ್ರಿನ್ಸೆಪ್ ಟಂಕಸಾಲೆಯ ನೌಕರ. ಅವನೂ ನಮ್ಮಂಗ ಆಫೀಸ್ ಮುಗಿಸಿ ಕೂತವನು (ಸಂಬಳ ನಮ್ಮಂಗ ಇರಲಿಲ್ಲ ಬಿಡ್ರಿ). ಅದೇ ಶಾಸನ ಹೇಳೋದೇನು? ಧಮ್ಮದ ದಾರಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವನೂ ಮುಟ್ಟಬಹುದು ಅಂತ. ದಾರಿಯ ಪಕ್ಕದ ಬಂಡೆಯ ಮೇಲೆ, ಜನರ ಭಾಷೆಯಲ್ಲಿ, ಎಲ್ಲರಿಗೂ ಕಾಣುವ ಹಂಗ ಬರೆಸಿದ.

ಬಾಗಿಲನ್ನೇ ಕೇರಿಗೆ ತಂದ ಒಂದು ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. 2008ರ ಆಸುಪಾಸಿನಲ್ಲಿ ಗುರಪ್ಪನಪಾಳ್ಯದ ಸುದರ್ಶನ್ ಲೇಔಟ್ ಸ್ಲಮ್ಮಿನಲ್ಲಿ ಮುಕ್ತ ತಂತ್ರಾಂಶದ ಹುಡುಗ ಹುಡುಗಿಯರು ಸ್ತ್ರೀ ಜಾಗೃತಿ ಸಮಿತಿಯ ಜೊತೆ ಸೇರಿ ಒಂದು ಕಂಪ್ಯೂಟರ್ ಕೇಂದ್ರ ತೆರೆದರು. ಹೆಸರು ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್. ವಾರವಿಡೀ ಐಟಿ ನೌಕರಿ, ಕಾಲೇಜು ಮಾಡುವವರು ರಜೆಯ ದಿನ ಬಂದು ಕಲಿಸಿದರು. ಯಾರೋ ಬಿಟ್ಟ ಹಳೇ ಕಂಪ್ಯೂಟರ್, ಒಳಗೆ ಲಿನಕ್ಸ್, ಲೈಸೆನ್ಸಿಗೆ ಒಂದು ರೂಪಾಯಿ ಇಲ್ಲ. ಮನೆಗೆಲಸದವರ, ಕೂಲಿಯವರ ಮಕ್ಕಳು ಗಿಂಪ್ ಎಂಬ ತಂತ್ರಾಂಶದಾಗ ಚಿತ್ರ ಬಿಡಿಸಿದರು. ನನಗೆ ಇದರಲ್ಲಿ ಹಿಡಿಸಿದ್ದು ಕಂಪ್ಯೂಟರ್ ಅಲ್ಲ, ಹೆಸರು. ಅಂಬೇಡ್ಕರ್ ಅನ್ನೋ ಹೆಸರು ಹಾಸ್ಟೆಲ್ಲಿಗೆ, ಭವನಕ್ಕೆ, ಸರ್ಕಲ್ಲಿಗೆ ಇಟ್ಟಿದ್ದು ನೋಡಿದ್ವಿ. ಕಂಪ್ಯೂಟರ್ ಕಲಿಯೋ ಜಾಗಕ್ಕೆ ಇಟ್ಟಿದ್ದು ನಾನಂತೂ ಅದೇ ಮೊದಲು ಕೇಳಿದ್ದು. ಈಗ ನಮ್ಮ ಯರಗೇರಾದಾಗ ವಿಶ್ವವಿದ್ಯಾಲಯವೇ ಅದ. ಅಲ್ಲಿ ಓದೋ ನಮ್ಮ ಹುಡುಗರು ಭಾನುವಾರ ಎರಡು ತಾಸು ಕೇರಿಗೆ ಕೊಟ್ಟರೆ ಸಾಕಿತ್ತು. ಕೇಳೀನಿ, ಮೂರು ಮಂದಿ ಹೂಂ ಅಂದಾರ.

ವಿಕಿಪೀಡಿಯದಾಗೂ ನಮ್ಮವರು ಕೈ ಹಾಕ್ಯಾರ. 2015ರಿಂದ ಏಪ್ರಿಲ್ ತಿಂಗಳನ್ನು ದಲಿತ ಇತಿಹಾಸ ಮಾಸ ಅಂತ ಮಾಡಿ, ತೇನ್‌ಮೊಳಿ ಸೌಂದರರಾಜನ್ ಮುಂತಾದ ದಲಿತ ಹೆಣ್ಣುಮಕ್ಕಳು ಗುಂಪಾಗಿ ಕೂತು ವಿಕಿಪೀಡಿಯದಲ್ಲಿ ನಮ್ಮವರ ಬಗ್ಗೆ ಬರೆಯುವ ಕೆಲಸ ಶುರುಮಾಡಿದರು. ಆದರೆ ಅಲ್ಲೊಂದು ಗಂಟು ಅದ. ಏನೇ ಬರೆದರೂ ಪತ್ರಿಕೆಯದೋ ಪುಸ್ತಕದ್ದೋ ಆಧಾರ ಕೊಡಬೇಕು. ನಿಯಮ ನ್ಯಾಯದ್ದೇ, ಇಲ್ಲಂದ್ರ ಯಾರು ಬೇಕಾದರೂ ಏನು ಬೇಕಾದರೂ ಬರೆದಾರು. 1973ರ ಬೂಸಾ ಪ್ರಕರಣ, ಬಸವಲಿಂಗಪ್ಪನವರು, ಬಿ. ಕೃಷ್ಣಪ್ಪನವರ ಬಗ್ಗೆ ಆಧಾರ ಸಿಗತದ. ಹಳ್ಳದ ದಂಡೆಯ ಸ್ಮಶಾನದ ಬಗ್ಗೆ ಯಾವ ಪತ್ರಿಕೆ ಬರೆದಿತ್ತು? ನಮ್ಮ ಹೋರಾಟಕ್ಕೆ ಇರೋ ಆಧಾರ ಅಂದ್ರ ಕರಪತ್ರ, ಮನವಿ, ಕೈಬರಹದ ಪಟ್ಟಿ. ಅವೂ ಒಂದೋ ಗೆದ್ದಲಿಗೆ, ಇಲ್ಲ ಇಂಥ ಸಿಡಿಯ ಕಸಕ್ಕೆ.

ಸಿಡಿಗೆ ಬರತೀನಿ. ಆ ಗುಬ್ಬಿ ಫಾಂಟಿನ ಅರವಿಂದ ಅವರೇ ಹಳೇ ನುಡಿ, ಬರಹದ ಅಕ್ಷರಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬರೆದು ಮುಕ್ತವಾಗಿ ಇಟ್ಟಾರ. ಕಸವನ್ನು ಅದರಲ್ಲಿ ಹಾಕಿ ಒತ್ತಿದೆ. ಕನ್ನಡ ಬಂತು. ಕುತೂಹಲಕ್ಕೆ ಒಳಗೆ ಹೆಂಗ ಮಾಡ್ಯಾರ ಅಂತ ಇಂಥ ಕೆಲಸ ಗೊತ್ತಿರೋ ಗೆಳೆಯನ ಜೊತೆ ಕೂತು ನೋಡಿದೆ. ಮೊದಲು ಒಂದು ದೊಡ್ಡ ಪಟ್ಟಿ, ಈ ಚಿಹ್ನೆ ಇದ್ದರೆ ಈ ಅಕ್ಷರ ಅಂತ. ಬರೀ ಪಟ್ಟಿ ಸಾಲಲ್ಲ. ಉದಾಹರಣೆಗೆ 'ವರ್ಣ' ಅನ್ನಿ. ಹಳೇ ಪದ್ಧತಿಯಲ್ಲಿ ಕಣ್ಣಿಗೆ ಕಂಡಂಗ, ಮೊದಲು ವ, ಆಮೇಲೆ ಣ, ಕೊನೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ನಾಲಿಗೆ ನುಡಿದಂಗ, ವ ಆದ ಮೇಲೆ ರ, ಆಮೇಲೆ ಣ. ಅಂದ್ರ ಹಿಂದೆ ಕೂತ ರಕಾರವನ್ನು ಎಬ್ಬಿಸಿ ಅದರ ಜಾಗಕ್ಕೆ ಮುಂದೆ ತಂದು ಕೂಡಿಸಬೇಕು. ಯಾರೋ ರಾತ್ರಿ ಕೂತು ಇದನ್ನೆಲ್ಲ ಯೋಚಿಸ್ಯಾರ. ಅವರಿಗೆ ನಮ್ಮ ಹಳ್ಳ ಗೊತ್ತಿಲ್ಲ, ಹೆಣ ಗೊತ್ತಿಲ್ಲ.

ಅರ್ಜಿಯ ಕೊನೆಗೆ 43 ಹೆಸರು ಇದ್ದವು, ಜೊತೆಗೆ ಸರ್ವೆ ನಂಬರು. ಅವತ್ತು ಹೆಬ್ಬೆಟ್ಟು ಒತ್ತಿದವರು. ಹೋದ ಭಾನುವಾರ ಅದೇ ಊರಿಗೆ ಹೋಗಿ ಸಮುದಾಯ ಭವನದ ಕಟ್ಟೆ ಮ್ಯಾಲೆ ಕೂತು ಒಂದೊಂದೇ ಹೆಸರು ಓದಿದೆ. ಸಿಡಿ ಇಟ್ಟ ಹಿರಿಯರು ಪಕ್ಕದಾಗ ಕೂತು ತಿದ್ದಿದರು. ಎರಡು ಹೆಸರು ಕೆಟ್ಟಿದ್ದವು, ಪರಿವರ್ತಕದ್ದಲ್ಲ, ಅವತ್ತು ನಾನೇ ತಪ್ಪು ಬರೆಸಿದ್ದು. "ಇದು ನಿಮ್ಮ ಕಾಕಿ ಹೆಸರಲೇ, ದೀರ್ಘ ತಪ್ಪ್ಯಾದ" ಅಂದರು. 43ರಾಗ 19 ಮಂದಿ ಈಗಿಲ್ಲ. ಅವರಲ್ಲಿ ಬಹಳ ಮಂದಿಯನ್ನು ಹೂತದ್ದು ಅದೇ ಹಳ್ಳದ ದಂಡೆಗೆ.

ಪ್ರಿಂಟ್ ತೆಗೆದು ಹೊಸ ಅರ್ಜಿಗೆ ಲಗತ್ತಿಸಿ ಸೋಮವಾರ ಕೊಟ್ಟೀವಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೀವಿ, ಈ ಸಲ ಫೋಟೋ ತೆಗೆದು ನಾಲ್ಕು ಕಡೆ ಇಟ್ಟೀವಿ. ಸಿಡಿಯಲ್ಲಿ ಇನ್ನೂ ಎರಡು ಫೈಲ್ ಅದಾವ, ಬೇರೆ ಯಾವುದೋ ಕಂಪನಿಯ ಫಾಂಟಿನವು. ಅವಕ್ಕೆ ಡಿಟಿಪಿ ಅಂಗಡಿಯವನ ಹತ್ತಿರ ಇದ್ದ ಲಾಕ್ ಬೇಕಂತೆ. ಅಂಗಡಿ ಮುಚ್ಚಿ ಹನ್ನೆರಡು ವರ್ಷ ಆಯಿತು. ಯಾರಿಗಾದರೂ ಬಿಡಿಸಲು ಬಂದರೆ ಹೇಳ್ರಿ.

ದೇವದುರ್ಗ, ಮಾನ್ವಿ, ರಾಯಚೂರು ಕಡೆಯ ಗೆಳೆಯರೇ, ನಿಮ್ಮ ಮನ್ಯಾಗ, ಸಂಘಟನೆಯ ಹಳೇ ಪೆಟ್ಟಿಗಿಯಾಗ ಫ್ಲಾಪಿ, ಸಿಡಿ, ಕರಪತ್ರ ಇದ್ದರೆ ಬಿಸಾಕಬ್ಯಾಡ್ರಿ. ಬರುವ ಭಾನುವಾರ ಮುಂಜಾನೆ 10ಕ್ಕೆ ಯರಗೇರಾಕ್ಕೆ ತರ್ರಿ. ಫ್ಲಾಪಿ ಓದೋ ಡ್ರೈವ್ ಒಂದು ಹುಡುಕೀನಿ, ಗುಜರಿಯಾಗ 150 ರೂಪಾಯಿಗೆ ಸಿಕ್ಕದ. ನಡೀತದೋ ಇಲ್ಲೋ ನೋಡಬೇಕು.