ದಾಯವಿವಾದಗಳೂ ಜೈನ ಗ್ರಂಥಪ್ರಾಮಾಣ್ಯವೂ

ಮೃತನ ಸ್ವತ್ತು ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಯು ಹತ್ತೊಂಬತ್ತನೆಯ ಶತಮಾನದ ನ್ಯಾಯಾಲಯಗಳಲ್ಲಿ ಜೈನರ ಮಟ್ಟಿಗೆ ಒಂದು ವಿಶೇಷವಾದ ತೊಡಕಿಗೆ ಕಾರಣವಾಯಿತು. ಸ್ಮೃತಿಕಾರರ ಮತದಲ್ಲಿ ಅಪುತ್ರನಿಗೆ ದತ್ತಕನು ಬೇಕಾಗುವುದು ಮುಖ್ಯವಾಗಿ ಪಿಂಡೋದಕಕ್ರಿಯೆಗಾಗಿ. ಜೀವನು ದೇಹವನ್ನು ಬಿಟ್ಟೊಡನೆ ಕರ್ಮಾನುಸಾರವಾಗಿ ಗತ್ಯಂತರವನ್ನು ಹೊಂದುವನೆಂದು ನಂಬುವ, ಪರರು ಇತ್ತ ಪಿಂಡದಿಂದ ಅವನಿಗೆ ತೃಪ್ತಿಯುಂಟೆಂಬುದನ್ನು ಒಪ್ಪದ ಶ್ರಾವಕನ ಮನೆಯಲ್ಲಿ ದತ್ತಸ್ವೀಕಾರವು ಯಾವ ನಿಯಮಕ್ಕೆ ಒಳಪಡಬೇಕು? ವಿಧವೆಯು ಪತಿಯ ಅನುಜ್ಞೆಗಾಗಿ ಕಾಯಬೇಕೆ?

1873ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವು ಭಗವಾನದಾಸ–ರಾಜಮಲ್ಲರ ವ್ಯಾಜ್ಯದಲ್ಲಿ, ಭಿನ್ನವಾದ ಆಚಾರವು ಸಿದ್ಧವಾಗದ ಹೊರತು ಜೈನರಿಗೂ ಹಿಂದೂ ಕಾನೂನೇ ಅನ್ವಯಿಸುವುದೆಂದು ನಿರ್ಣಯಿಸಿತು. ಹೀಗೆ ಆಚಾರವನ್ನು ಸಾಧಿಸುವ ಭಾರವು ಅದನ್ನು ಹೇಳಿಕೊಂಡವನ ಮೇಲೆ ಬಿದ್ದಿತು. ಉತ್ತರದೇಶದ ಸರಾವಗಿ ಅಗರವಾಲರೊಳಗಿನ ಶಿವಸಿಂಹರಾಯ–ದಾಖೋ ವ್ಯಾಜ್ಯದಲ್ಲಿ ಈ ಭಾರವನ್ನು ಹೊತ್ತು ಗೆದ್ದುದು ಸಾಕ್ಷಿಗಳ ಬಲದಿಂದ. ದೆಹಲಿ, ಜಯಪುರ, ಮಥುರಾ, ಕಾಶಿ ಮುಂತಾದೆಡೆಗಳ ಜೈನರ ಹೇಳಿಕೆಗಳನ್ನು ಪಡೆಯಲಾಯಿತು. ಅಪುತ್ರಳಾದ ಜೈನ ವಿಧವೆಗೆ ಪತಿಯ ಸ್ವಾರ್ಜಿತದಲ್ಲಿ ಪೂರ್ಣಸ್ವಾಮ್ಯವಿದೆ, ಆಕೆ ಅನುಜ್ಞೆಯಿಲ್ಲದೆ ದತ್ತು ಸ್ವೀಕರಿಸಬಹುದು, ಮಗಳ ಮಗನನ್ನೂ ಸ್ವೀಕರಿಸಬಹುದು ಎಂಬ ಆಚಾರವನ್ನು 1878ರಲ್ಲಿ ಪ್ರೀವಿ ಕೌನ್ಸಿಲು ಮನ್ನಿಸಿತು. ಜೈನರಲ್ಲಿ ದತ್ತಸ್ವೀಕಾರವು ಕೇವಲ ಲೌಕಿಕ ವ್ಯವಸ್ಥೆಯೆಂಬ ಅಭಿಪ್ರಾಯವು ನ್ಯಾಯಾಲಯಗಳಲ್ಲಿ ನೆಲೆಗೊಂಡಿತು.

ಗ್ರಂಥಗಳು ಮುದ್ರಣದ ಬೆಳಕಿಗೆ ಬಂದುದು ತಡವಾಗಿ. ಜಗಮಂದರಲಾಲ ಜೈನಿಯವರು 1916ರಲ್ಲಿ 'ಭದ್ರಬಾಹುಸಂಹಿತೆ'ಯ ದಾಯಭಾಗವನ್ನು ಆಂಗ್ಲಾನುವಾದಸಹಿತ ಪ್ರಕಟಿಸಿದರು. 1926ರಲ್ಲಿ ಬ್ಯಾರಿಸ್ಟರ್ ಚಂಪತರಾಯರು ಅದರೊಡನೆ 'ಅರ್ಹನ್ನೀತಿ' ಮೊದಲಾದವನ್ನೂ ಆಧರಿಸಿ 'ಜೈನ ಲಾ'ವನ್ನು ರಚಿಸಿದರು. ಮರುವರ್ಷ ಮದರಾಸು ಉಚ್ಚ ನ್ಯಾಯಾಲಯದ ಕುಮಾರಸ್ವಾಮಿ ಶಾಸ್ತ್ರಿಗಳು, ವಿಷಯವು ಹೊಸದಾಗಿ ವಿಚಾರಣೆಗೆ ಬಂದಿದ್ದಲ್ಲಿ ಜೈನರನ್ನು ಹಿಂದೂಧರ್ಮದಿಂದ ಸಿಡಿದವರೆಂದು ತಾವು ಎಣಿಸುತ್ತಿರಲಿಲ್ಲವೆಂದೂ, ಆದರೆ ಪೂರ್ವನಿರ್ಣಯಗಳು ತಮ್ಮನ್ನು ಕಟ್ಟಿಹಾಕಿವೆಯೆಂದೂ ಬರೆದರು.

ಇಲ್ಲಿ ಹಸ್ತಪ್ರತಿಶೋಧಕನು ನಿಷ್ಠುರನಾಗಬೇಕಾಗಿದೆ. ಪ್ರಾಮಾಣ್ಯಕ್ಕಾಗಿ ಮುಂದೆ ಹಿಡಿದ 'ಭದ್ರಬಾಹುಸಂಹಿತೆ'ಯು ಶ್ರುತಕೇವಲಿಗಳ ಕೃತಿಯಲ್ಲ, ಬಹಳ ಈಚಿನ ಸಂಕಲನವೆಂಬುದನ್ನು ಪಂಡಿತ ಜುಗಲಕಿಶೋರ ಮುಖ್ತಾರರು ತಮ್ಮ 'ಗ್ರಂಥಪರೀಕ್ಷಾ'ದಲ್ಲಿ ತೋರಿಸಿಕೊಟ್ಟರು. ಸೋಮಸೇನರ 'ತ್ರೈವರ್ಣಿಕಾಚಾರ'ವನ್ನೂ ಅವರು ಇದೇ ಒರೆಗಲ್ಲಿಗೆ ಹಚ್ಚಿ, ಅದರಲ್ಲಿ ಸೇರಿಕೊಂಡ ಪರಮತೀಯ ಕ್ರಿಯೆಗಳನ್ನು ಬೇರ್ಪಡಿಸಿದರು. ನಮ್ಮವರಲ್ಲಿ ಕೆಲವರಿಗೆ ಇದು ರುಚಿಸಲಿಲ್ಲ. ಆದರೆ ಕರ್ತೃವಿನ ಹೆಸರಿನ ಘನತೆಯು ಪಾಠದ ಕಾಲವನ್ನು ಹಿಂದಕ್ಕೆ ಒಯ್ಯಲಾರದು.

ಕಾಲವು ಸಂದೇಹಾತೀತವಾದ ಒಂದು ಪಾಠವು ಬೇರೆಡೆಯಲ್ಲಿದೆ. ಅದು ನೀತಿಗ್ರಂಥವಲ್ಲ, ಪುರಾಣ. ಆದುದರಿಂದ ಸೂಚೀಪತ್ರದಲ್ಲಿ ದಾಯಭಾಗವನ್ನು ಅರಸುವವನ ಕಣ್ಣಿಗೆ ಬೀಳುವುದಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು 'ಆದಿಪುರಾಣ'ದ ಮೂವತ್ತೆಂಟನೆಯ ಪರ್ವದಲ್ಲಿ ಗರ್ಭಾನ್ವಯಕ್ರಿಯೆಗಳನ್ನು ವಿವರಿಸುತ್ತ ಗೃಹತ್ಯಾಗಕ್ರಿಯೆಗೆ ಬರುತ್ತಾರೆ. ಮನೆಯನ್ನು ತೊರೆಯಲಿರುವ ಗೃಹಸ್ಥನು ಸಿದ್ಧಪೂಜೆಯನ್ನು ಮಾಡಿ, ಇಷ್ಟಜನರ ಸಾಕ್ಷಿಯಲ್ಲಿ ಸರ್ವವನ್ನೂ ಮಗನಿಗೆ ಒಪ್ಪಿಸುತ್ತಾನೆ. ದ್ರವ್ಯದಲ್ಲಿ ಮೂರು ಭಾಗ: ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ವೆಚ್ಚಕ್ಕೆ, ಮೂರನೆಯದು ಒಡಹುಟ್ಟಿದವರಿಗೆ ಹಂಚಲು. ಆ ಹಂಚಿಕೆಯಲ್ಲಿ ಹೆಣ್ಣುಮಕ್ಕಳೂ ಗಂಡುಮಕ್ಕಳೊಡನೆ ಸಮಾಂಶಕ್ಕೆ ಅರ್ಹರೆಂದು ಆಚಾರ್ಯರು ಸ್ಪಷ್ಟವಾಗಿ ಹೇಳುತ್ತಾರೆ. ಪಿಂಡದ ಮಾತೇ ಅಲ್ಲಿಲ್ಲ.

ಇದು ಜೀವಂತನಾದ ತಂದೆಯು ಮಾಡುವ ವಿಭಾಗ, ಮರಣಾನಂತರದ ದಾಯಕ್ರಮವಲ್ಲ. ವಿಧವೆಯ ಸ್ವಾಮ್ಯದ ಪ್ರಶ್ನೆಗೆ ಇಲ್ಲಿ ಉತ್ತರವಿಲ್ಲ. ಆದುದರಿಂದ ಇದನ್ನೇ ಸಮಗ್ರ ಜೈನ ದಾಯಶಾಸ್ತ್ರವೆಂದು ಸಾರುವುದು ಅತಿವ್ಯಾಪ್ತಿಯಾದೀತು. 1956ರ ಉತ್ತರಾಧಿಕಾರ ಮತ್ತು ದತ್ತಕ ಅಧಿನಿಯಮಗಳು ಜೈನರನ್ನು ಹೆಸರಿಸಿಯೇ ತಮ್ಮ ವ್ಯಾಪ್ತಿಯೊಳಗೆ ತಂದವು. ಅವಿಭಕ್ತ ಕುಟುಂಬದ ಸ್ವತ್ತಿನಲ್ಲಿ ಮಗಳಿಗೆ ಮಗನೊಡನೆ ಹುಟ್ಟಿನಿಂದಲೇ ಸಮಭಾಗವನ್ನು ದೇಶಕ್ಕೆಲ್ಲ ವಿಧಿಸಿದುದು 2005ರ ತಿದ್ದುಪಡಿ. ಜಿನಸೇನರ ಪಾಠಕ್ಕೂ ಅದಕ್ಕೂ ನಡುವೆ ಸಂದುದು ಸಾವಿರದ ನೂರಕ್ಕೂ ಮಿಕ್ಕ ವರ್ಷಗಳು.